ತವರು ಹಾಕಿದ ಅಗುಳಿ

ಈ ವಾರ ಮಹಾಶ್ವೇತಾ ದೇವಿಯವರ ‘ದ್ರೌಪದಿ’ ಕತೆಯ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದಕ್ಕೆಂದೇ ಪುಸ್ತಕ ಕೆದಕಲು ಕೂತವನು ಬಾನು ಮುಷ್ತಾಕರ ‘ಎದೆಯ ಹಣತೆ’ಗೆ ಸಿಕ್ಕಿಬಿದ್ದೆ. ದ್ರೌಪದಿ ಕಾಯಲಿ. ಅವಳ ಮೈಮೇಲೆ ಎರಗಿದ್ದು ಸರ್ಕಾರಿ ಪಡೆ. ಶತ್ರು ಯಾರೆಂಬುದರಲ್ಲಿ ಅವಳಿಗೆ ಅನುಮಾನವಿಲ್ಲ. ಬಾನು ಅವರ ಮೆಹರುನ್‌ಗೆ ಅಷ್ಟು ಅನುಕೂಲವೂ ಇಲ್ಲ.

ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಆ ಗಂಡನನ್ನು ಹಿಡಿದು ಜಾಡಿಸುತ್ತಿದ್ದರು. ಬಾನು ತವರಿನವರನ್ನು ನೋಡುತ್ತಾ ನಿಲ್ಲುತ್ತಾರೆ. ಹೆತ್ತವರಿಗೂ ಒಡಹುಟ್ಟಿದವರಿಗೂ ಮನೆತನದ ಮಾನದ್ದೇ ಚಿಂತೆ. ಮಾನವಂತೆಯಾಗಿದ್ದರೆ ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದಳು ಎಂಬರ್ಥದ ಮಾತು ಬರುವುದು ಒಡಹುಟ್ಟಿದವನ ಬಾಯಿಂದ. ಅವಳನ್ನು ಅವತ್ತೇ ಕರೆದೊಯ್ದು ಗಂಡನ ಮನೆಗೆ ಬಿಟ್ಟು ಬರುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಳ್ಳುವಾಗ ಆಕೆ ಮಾಡುತ್ತಿರುವುದು, ಲೆಕ್ಕ ಹಾಕಿ ನೋಡಿ, ತವರಿನ ಮಾತನ್ನು ನಡೆಸಿಕೊಡುವ ಕೆಲಸ. ತಡೆಯುವವಳು ಮಗಳು ಸಲ್ಮಾ, ತೋಳಲ್ಲಿ ಆ ಕೂಸನ್ನು ಹಿಡಿದುಕೊಂಡು. ಕತೆಯ ಹೆಸರನ್ನೇ ಹೊತ್ತ ಇಂಗ್ಲಿಷ್ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ಸನ್ಮಾನ, ಹಾರ ತುರಾಯಿ ಎಲ್ಲ ಆಯಿತು. ಈ ಒಡಹುಟ್ಟಿದವನ ಬಗ್ಗೆ ಯಾರೂ ಹೆಚ್ಚು ಮಾತಾಡಿದ ಹಾಗೆ ಕಾಣಲಿಲ್ಲ.

ನಮ್ಮ ಗರತಿಯರ ಹಾಡುಗಳಲ್ಲಿ ತವರಿಗೆ ದೇವಸ್ಥಾನದ ಪಟ್ಟ. ಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರುತ್ತಾನೆ. ಕೇಳಲು ನನಗೂ ಇಷ್ಟವೇ. ಆದರೆ ಗದ್ಯಕ್ಕೆ ಕೈಹಾಕಿದ ಹೆಂಗಸರು ತವರಿಗೆ ಆ ಮುಲಾಜು ತೋರಿಸಲಿಲ್ಲ. ಅಮೃತಾ ಪ್ರೀತಂ ಅವರ ‘ಪಿಂಜರ್‌’ನಲ್ಲಿ (1950) ಪೂರೋ ತನ್ನನ್ನು ಹೊತ್ತೊಯ್ದ ರಶೀದನಿಂದ ತಪ್ಪಿಸಿಕೊಂಡು ರಾತ್ರೋರಾತ್ರಿ ಮನೆಗೆ ಓಡಿಬಂದರೆ ಹೆತ್ತವರೇ ಸೇರಿಸುವುದಿಲ್ಲ, ಹೊತ್ತೊಯ್ದವನ ಬಳಿಗೇ ಮರಳಬೇಕು. ಎಂ.ಕೆ. ಇಂದಿರಾ ಅವರ ಫಣಿಯಮ್ಮನ ತಲೆ ಬೋಳಿಸಿದ್ದು ಕೆಟ್ಟ ಅತ್ತೆಮನೆಯಲ್ಲ, ಮಲೆನಾಡಿನ ತುಂಬಿದ ತವರು. ಅವಳನ್ನು ಅಲ್ಲಿ ಯಾರೂ ದ್ವೇಷಿಸುತ್ತಿರಲಿಲ್ಲ. ನನ್ನನ್ನು ಕಾಡುವುದು ಅದೇ. ಮುಂದೆ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಕೊಡಲು ಒಪ್ಪದಿದ್ದಾಗ ಬೆಂಬಲಕ್ಕೆ ನಿಲ್ಲುವವಳೂ ಇದೇ ಫಣಿಯಮ್ಮ.

ಇಂಥದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ವೆಂದು ಮೂಗು ಮುರಿದ ವಿಮರ್ಶಕರ ಪಡೆಯೊಂದು ನಮ್ಮಲ್ಲಿತ್ತು. ಹೌದು ಸ್ವಾಮಿ, ಸೀಮೆಎಣ್ಣೆ ಡಬ್ಬ ಇರುತ್ತಿದ್ದುದು ಅಡುಗೆಮನೆಯಲ್ಲೇ! ಈಗಿನ ಹೊಸ ಗೀಳು ಇನ್ನೊಂದು ತುದಿಯದು: ಏಟು, ಗಾಯ, ರಕ್ತ ಎಲ್ಲವನ್ನೂ ಪೊಲೀಸ್ ಪಂಚನಾಮೆಯ ಹಾಗೆ ಬರೆದರೆ ದಿಟ್ಟ ಕತೆಯಾಯಿತೆಂಬ ನಂಬಿಕೆ. ಅಂಥ ಕತೆಗಳಲ್ಲಿ ಹೊಡೆದವನು ಒಬ್ಬ ರಾಕ್ಷಸ, ಮಿಕ್ಕವರೆಲ್ಲ ಬಚಾವ್. ಬಾನು ಯಾರನ್ನೂ ಬಚಾವಾಗಲು ಬಿಡುವುದಿಲ್ಲ.

ಸಾರಾ ಅಬೂಬಕ್ಕರ್ ಕೂಡ ಬಿಡಲಿಲ್ಲ. ‘ಚಂದ್ರಗಿರಿಯ ತೀರದಲ್ಲಿ’ಯನ್ನು ತಲಾಖಿನ ಕಾದಂಬರಿ ಎಂದೇ ಚರ್ಚಿಸಿ ಮುಗಿಸುತ್ತೇವೆ. ನಾದಿರಾಳ ಸಂಸಾರ ಮುರಿದವನು ಗಂಡನಲ್ಲ, ಅಪ್ಪ ಮಹಮದ್ ಖಾನ್. ಹಟ ಅವನದು, ಕೊನೆಗೆ ಮಸೀದಿಯ ಕೆರೆಗೆ ಇಳಿಯುವವಳು ಮಗಳು. ಮನೆಯಲ್ಲಿ ಆ ಪುಸ್ತಕವಿದ್ದರೆ ಇನ್ನೊಮ್ಮೆ ತೆಗೆಯಿರಿ. ಈ ಸಲ ಆ ಅಪ್ಪನ ಮೇಲೆ ಕಣ್ಣಿಟ್ಟು ಓದಿ.