ಯಾರು ಗೆಲ್ಲುತ್ತಾರೆ ಬಿಡಿ, ಎಳೆಯುವವರು ಯಾರು?

ಶನಿವಾರ ಇಲ್ ಲೊಂಬಾರ್ದಿಯಾ. ಇಟಲಿಯ ಕೋಮೊದಲ್ಲಿ ಹೊರಟು ಬೆರ್ಗಾಮೊದಲ್ಲಿ ಮುಗಿಯುವ, 2025ರ ಕೊನೆಯ ದೊಡ್ಡ ಒಂದು ದಿನದ ಸೈಕಲ್ ಓಟ. ಅದರ ಫೇವರಿಟ್‌ಗಳ ಪಟ್ಟಿ ಕೊಡುತ್ತೇನೆಂದು ಹೋದ ವಾರ ಹೇಳಿದ್ದೆ. ತಗೊಳ್ಳಿ: ತಾದೆಯ್ ಪೊಗಾಚರ್. ಪಟ್ಟಿ ಮುಗಿಯಿತು. ಐದು ಹೆಸರು ಬೇಕು, ಹೆಸರಿನ ಮುಂದೆ ನಕ್ಷತ್ರ ಬೇಕು ಎಂದು ಡೆಸ್ಕಿನವರು ಕೇಳಿದ್ದರು. ಆದರೆ 2021ರಿಂದ ನಾಲ್ಕು ವರ್ಷ ಒಬ್ಬನೇ ಗೆದ್ದ ಓಟಕ್ಕೆ ಐದು ಹೆಸರು ಎಲ್ಲಿಂದ ತರಲಿ? ಫಾಸ್ತೊ ಕೊಪ್ಪಿ 1946ರಿಂದ 1949ರವರೆಗೆ ಸತತ ನಾಲ್ಕು ಗೆದ್ದು, 1954ರಲ್ಲಿ ಐದನೆಯದನ್ನು ಸೇರಿಸಿಕೊಂಡಿದ್ದ. ಈ ಹುಡುಗ ಶನಿವಾರವೇ ಆ ಲೆಕ್ಕ ಚುಕ್ತಾ ಮಾಡುವ ಹಾಗೆ ಕಾಣುತ್ತಿದೆ. ಸೆಪ್ಟೆಂಬರ್ 28ರಂದು ಕಿಗಾಲಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೊನೆಯ 66 ಕಿ.ಮೀ. ಒಬ್ಬನೇ ಹೋದ. ಅದಾದ ಒಂದೇ ವಾರಕ್ಕೆ ಫ್ರಾನ್ಸಿನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ 75 ಕಿ.ಮೀ. ಮತ್ತೆ ಒಬ್ಬನೇ.

ವಿಜಯಪುರದ ಓದುಗರೊಬ್ಬರು ಬೇಸತ್ತು ಕೇಳಿದ್ದಾರೆ: ‘ಸರ, ಇನ್ನ ತಂತ್ರ ಅಂತ ಏನ ಉಳದದರಿ? ಒಬ್ಬಾವ ಎದ್ದ ಹೋಗತಾನ, ಉಳದವರು ಬಾಯಿ ತಕ್ಕೊಂಡ ನೋಡತಾರ.’

ಕಡಿದಾದ ಏರಿನಲ್ಲಿ ಅವರ ಮಾತು ನಿಜ. ಗಂಟೆಗೆ 20 ಕಿ.ಮೀ.ನಲ್ಲಿ ಗುಡ್ಡ ಹತ್ತುವಾಗ ಸವಾರ ಹೋರಾಡುವುದು ತನ್ನ ತೂಕದ ಜೊತೆ. ಮುಂದಿನವನ ಚಕ್ರ ಹಿಡಿದರೂ ಹೆಚ್ಚೇನೂ ಉಳಿಯುವುದಿಲ್ಲ. ಸಪಾಟಿನಲ್ಲಿ 45ಕ್ಕೆ ಹೋಗುವಾಗ ಶಕ್ತಿಯ ಬಹುಪಾಲು ಗಾಳಿಯ ಪಾಲು. ವೇಗ ಇಮ್ಮಡಿಯಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟು ಪಟ್ಟು. ಅಲ್ಲಿ ಇನ್ನೊಬ್ಬನ ಮರೆಯಲ್ಲಿ ಕೂತವನು ಸಾಹುಕಾರ, ಮುಂದೆ ಗಾಳಿ ಕಡಿದು ಎಳೆಯುವವನು ಸಾಲಗಾರ. ಒಂದು ದಿನದ ಓಟದ ತಂತ್ರವೆಲ್ಲ ಈ ಸಾಲದ ವ್ಯವಹಾರದಲ್ಲೇ ಇದೆ. ಅದಕ್ಕೇ ಓಟದ ಮುಂಚೆ ನಾನು ಯಾರು ಗೆಲ್ಲುತ್ತಾರೆ ಎಂದು ಕೇಳಿಕೊಳ್ಳುವುದಿಲ್ಲ. ಗುಂಪು ಒಡೆದಾಗ ಯಾರು ಎಳೆಯಲೇಬೇಕಾಗುತ್ತದೆ ಎಂದು ಕೇಳಿಕೊಳ್ಳುತ್ತೇನೆ.

ಇದನ್ನು ಹೇಳಿದರೆ ವ್ಯಾಟ್ ಪಂಥದವರು ನಗುತ್ತಾರೆ. ಹ್ಯಾಂಡಲ್ ಮೇಲಿನ ಪೆಟ್ಟಿಗೆ ನೋಡಿ, ಕಿಲೋಗೆ ಎಷ್ಟು ವ್ಯಾಟ್ ಎಂದು ಭಾಗಿಸಿ, ಓಟ ಶುರುವಾಗುವ ಮೊದಲೇ ಫಲಿತಾಂಶ ಬರೆದಿಡುವ ಜನ ಅವರು. ಅವರ ಲೆಕ್ಕ ಸರಿಯಿದ್ದರೆ ಈ ಮಾರ್ಚ್‌ನ ಮಿಲಾನ್–ಸಾನ್ ರೆಮೊ ಪೊಗಾಚರ್ ಪಾಲಾಗಬೇಕಿತ್ತು. ಚಿಪ್ರೆಸ್ಸಾ ಏರಿನಲ್ಲೇ ದಾಳಿ ಮಾಡಿದ, ಪೊಜ್ಜೊದಲ್ಲಿ ಮತ್ತೆ ಮತ್ತೆ ಮಾಡಿದ. ಪೊಜ್ಜೊ 3.7 ಕಿ.ಮೀ., ಸರಾಸರಿ ಏರು ಶೇ. 4ಕ್ಕೂ ಕಡಿಮೆ. ಅಷ್ಟು ಮೆತ್ತಗಿನ ಏರಿನಲ್ಲಿ ಚಕ್ರದ ಮರೆ ಇನ್ನೂ ಬೆಲೆಬಾಳುತ್ತದೆ. ಮಾತಿಯೊ ವಾನ್ ಡೆರ್ ಪೂಲ್ ಆ ಮರೆ ಬಿಡಲಿಲ್ಲ. ಫಿಲಿಪ್ಪೊ ಗಾನ್ನಾ ಹಿಂದೆ ಬಿದ್ದರೂ ಇಳಿಜಾರು ಮುಗಿದ ಮೇಲೆ ಬಂದು ಕೂಡಿಕೊಂಡ. ವಿಯಾ ರೋಮಾದ ಸ್ಪ್ರಿಂಟಿನಲ್ಲಿ ವಾನ್ ಡೆರ್ ಪೂಲ್ ಮೊದಲು, ಗಾನ್ನಾ ಎರಡು. ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದವನು ಮೂರು.

ಪುಣೆಯ ಘಾಟ್ ಭಕ್ತರದ್ದು ಇನ್ನೊಂದು ಪಂಥ. ಮುಂಬೈ–ಪುಣೆ ಶರ್ಯತ್ತಿನಲ್ಲಿ ಬೋರ್ ಘಾಟ್ ಮೊದಲು ಹತ್ತಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಕೊಟ್ಟು, ಸೈಕಲ್ ಓಟವೆಂದರೆ ಘಾಟವೇ ಎಂದು ನಂಬಿಕೊಂಡಿದ್ದಾರೆ. ನಾವು ಸೊಲ್ಲಾಪುರದವರು ಸೈಕಲ್ ಮಾತಾಡಿದರೆ ‘ತುಮಚ್ಯಾಕಡೆ ಚಢ ಕುಠೇ ಆಹೆ?’ ಎನ್ನುತ್ತಾರೆ. ಚಢ, ಅಂದರೆ ಏರು, ನಮ್ಮಲ್ಲಿಲ್ಲ, ಒಪ್ಪಿದೆ. ಆದರೆ ನಿಮ್ಮ ರಾಜ ಘಾಟ್ ಹತ್ತಿದ ಮೇಲೂ ಲೋಣಾವಳದಿಂದ ಪುಣೆಗೆ 60 ಕಿ.ಮೀ. ಮೇಲಿದೆಯಲ್ಲ ಮಹಾರಾಯರೇ, ಅಷ್ಟು ದೂರ ಗಾಳಿ ಯಾರು ಕಡಿಯುತ್ತಾರೆ?

ನಮ್ಮ ವಿಜಯಪುರ ರಸ್ತೆಗೆ ಬನ್ನಿ. ಸೊಲ್ಲಾಪುರದಿಂದ ಹೆಚ್ಚುಕಡಿಮೆ ನೆಟ್ಟಗೆ ದಕ್ಷಿಣಕ್ಕೆ ಸುಮಾರು ನೂರು ಕಿ.ಮೀ.: ವಡಕಬಾಳದಲ್ಲಿ ಸೀನಾ ನದಿ, ಟಾಕಳಿಯಲ್ಲಿ ಭೀಮಾ, ಆಮೇಲೆ ಝಳಕಿ, ಹೊರ್ತಿ. ಹೋದ ತಿಂಗಳು ಸೀನಾ ಉಕ್ಕಿ ಬಂದಾಗ ಈ ಕಡೆಯ ರಸ್ತೆಗಳಲ್ಲಿ ಸೈಕಲ್ ಮಾತೇ ಇರಲಿಲ್ಲ. ಈಗ ಕೆಸರು ಒಣಗುತ್ತಿದೆ, ಗಾಳಿಯೂ ಬಿದ್ದಿದೆ. ಈ ರಸ್ತೆಯ ಗುಣ ತಿಳಿಯಬೇಕಾದರೆ ಆಷಾಢದಲ್ಲಿ ಬರಬೇಕು. ಪಡುವಣದಿಂದ ನುಗ್ಗುವ ಗಾಳಿಗೆ ಎರೆ ಹೊಲಗಳಲ್ಲಿ ಅಡ್ಡ ನಿಲ್ಲಲು ಒಂದು ಮರ ಸಿಗುವುದಿಲ್ಲ.

ಅಕ್ಕಲಕೋಟೆ ರಸ್ತೆಯದು ಬೇರೆ ಕಥೆ. ಅದು ಆಗ್ನೇಯಕ್ಕೆ ಹೊರಳಿಕೊಂಡಿದೆ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಸೈಕಲ್ ಮೇಲೆ ಹೊರಟವರಿಗೆ ಕುಂಭಾರಿ, ವಳಸಂಗ ದಾಟಿದ್ದೇ ಗೊತ್ತಾಗುವುದಿಲ್ಲ. ಗಾಳಿ ಬೆನ್ನು ತಟ್ಟಿ ಕಳಿಸುತ್ತದೆ. ಅನ್ನಛತ್ರದಲ್ಲಿ ಉಂಡು ತಿರುಗಿದರೆ ಅದೇ ಗಾಳಿ ಎದೆಗೆ ಕೈಕೊಟ್ಟು ನಿಲ್ಲಿಸುತ್ತದೆ. ಎರಡೂ ಓಟಕ್ಕೆ ನಿರುಪಯೋಗಿ. ಬೆನ್ನಗಾಳಿ ಎಲ್ಲರನ್ನೂ ಒಟ್ಟಿಗೆ ಓಡಿಸುತ್ತದೆ, ಎದುರುಗಾಳಿ ಎಲ್ಲರನ್ನೂ ಒಟ್ಟಿಗೆ ಕೂಡಿಹಾಕುತ್ತದೆ. ಒಡೆಯುವುದು ಅಡ್ಡಗಾಳಿ.

ವಿಜಯಪುರ ಸೈಕಲ್ ಸವಾರರ ಊರು. ಅಲ್ಲಿನ ಕ್ರೀಡಾ ವಸತಿನಿಲಯದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತರುವುದು ನಮಗೆ ಸುದ್ದಿಯೇ ಅಲ್ಲ ಎನ್ನುವಷ್ಟು ರೂಢಿಯಾಗಿದೆ. ಆಷಾಢದಲ್ಲಿ ದಕ್ಷಿಣಕ್ಕೆ ಮುಖಮಾಡಿ ಹೋಗುವ ಗುಂಪೊಂದನ್ನು ಹಿಂದಿನಿಂದ ನೋಡಿ. ಗಾಳಿ ಬಲಗಡೆಯಿಂದ. ಮುಂದಿನವನು ರಸ್ತೆಯ ನಡುವಿಗೆ ಸರಿದು ನಿಂತಿರುತ್ತಾನೆ. ಎರಡನೆಯವನು ಅವನ ಎಡಕ್ಕೆ ಅರ್ಧ ಸೈಕಲ್ ಹಿಂದೆ, ಮೂರನೆಯವನು ಇವನ ಎಡಕ್ಕೆ; ಹೀಗೆ ಓರೆಯಾಗಿ ಸಾಲು ರಸ್ತೆಯ ಅಂಚಿಗೆ ಬಂದು ಮುಟ್ಟುತ್ತದೆ. ಸಾಲಿನ ಕೊನೆಯವನ ಚಕ್ರ ಬಿಳಿಗೆರೆಯ ಮೇಲೆ. ಅವನ ಹಿಂದಿನವನಿಗೆ ಎಡಕ್ಕೆ ಸರಿಯಲು ಉಳಿದಿರುವುದು ಕಡಿಯ ಪಟ್ಟಿ ಮಾತ್ರ, ಆಮೇಲೆ ಗಟಾರ. ಅವನು ಸಾಲಿನಲ್ಲಿದ್ದಾನೆ, ಮರೆಯಲ್ಲಿಲ್ಲ. ಹೆಗಲು ಕುಗ್ಗಿಸಿ, ಹ್ಯಾಂಡಲಿನ ಕೆಳಗಿನ ಬಾಗು ಹಿಡಿದು, ಮುಂದಿನ ಚಕ್ರದ ಮೇಲೇ ಕಣ್ಣಿಟ್ಟು ಒಂದೆರಡು ನಿಮಿಷ ಹೋಗುತ್ತಾನೆ. ಚಕ್ರ ಒಂದು ಗೇಣು ದೂರವಾಗುತ್ತದೆ, ಮಾರು ದೂರವಾಗುತ್ತದೆ, ಮುಗಿಯಿತು. ಅವನ ಹಿಂದಿದ್ದವರದ್ದೂ ಮುಗಿಯಿತು. ಅವರಲ್ಲಿ ಯಾರ ಕಾಲಲ್ಲಿ ಎಷ್ಟು ವ್ಯಾಟ್ ಇತ್ತು ಎಂದು ಇನ್ನು ಯಾರೂ ಕೇಳುವುದಿಲ್ಲ. ಮರೆ ಎಷ್ಟು ಜನಕ್ಕೆ ಎಂದು ತೀರ್ಮಾನಿಸುವುದು ರಸ್ತೆಯ ಅಗಲ. ಆ ಜನ ಯಾರು ಎಂದು ತೀರ್ಮಾನಿಸುವುದು ಸಾಲಿನ ಮುಂದಿನವರು.

ನನ್ನ ಅಚ್ಚುಮೆಚ್ಚಿನ ಓಟ ಯಾವುದೆಂದು ಕೇಳಿದವರಿಗೆಲ್ಲ ದೋಹಾ ಎನ್ನುತ್ತೇನೆ, ಕೇಳಿದವರು ಮುಖ ಸಿಂಡರಿಸುತ್ತಾರೆ. 2016ರ ಅಕ್ಟೋಬರ್ 16, ವಿಶ್ವ ಚಾಂಪಿಯನ್‌ಶಿಪ್, 257 ಕಿ.ಮೀ. ಏರು ಎಂಬುದೇ ಇಲ್ಲ. ಸ್ಪ್ರಿಂಟರ್‌ಗಳ ಓಟ, ಕೊನೆಯ ಇನ್ನೂರು ಮೀಟರ್ ನೋಡಿದರೆ ಸಾಕು ಎಂದು ಪಂಡಿತರು ಬರೆದಿದ್ದರು. ಜರ್ಮನಿಯ ಬಳಿ ಮಾರ್ಸೆಲ್ ಕಿಟ್ಟೆಲ್, ಆಂದ್ರೆ ಗ್ರೈಪೆಲ್ ಇಬ್ಬರಿದ್ದರು; ಇಬ್ಬರ ಹೆಸರಿನ ಮುಂದೆಯೂ ನಕ್ಷತ್ರಗಳು. ಓಟ ಮರುಭೂಮಿಯೊಳಗೆ ಹೋಗಿ, ತಿರುವಿನ ಆಚೆ ಅಡ್ಡಗಾಳಿಗೆ ಮೈಯೊಡ್ಡಿದ್ದೇ ತಡ, ಬೆಲ್ಜಿಯಂನವರೂ ಬ್ರಿಟನ್ನಿನವರೂ ಮುಂದೆ ಬಂದು ವೇಗ ಏರಿಸಿದರು. ಅಂತಿಮ ಗೆರೆಗೆ ಇನ್ನೂ 170 ಕಿ.ಮೀ. ಮೇಲಿತ್ತು! ಇಷ್ಟು ಬೇಗ ಯಾರು ದಾಳಿ ಮಾಡುತ್ತಾರೆಂದು ಹಿಂದೆ ನೀರು ಕುಡಿಯುತ್ತಿದ್ದವರು ಬಾಟಲಿ ಕೆಳಗಿಡುವುದರೊಳಗೆ ಗುಂಪು ಎರಡಾಗಿತ್ತು. ಕಿಟ್ಟೆಲ್, ಗ್ರೈಪೆಲ್ ಇಬ್ಬರೂ ಹಿಂದೆ. ಮುಂದೆ ಉಳಿದ ಇಪ್ಪತ್ತೈದು ಚಿಲ್ಲರೆ ಮಂದಿಯಲ್ಲಿ ಆರು ಜನ ಬೆಲ್ಜಿಯಂನವರೇ: ಬೂನೆನ್, ವಾನ್ ಅವೆರ್ಮಾಟ್, ಸ್ಟೌವೆನ್, ನಾಸೆನ್, ಕ್ಯೂಕೆಲೈರ್, ರೂಲಾಂಟ್ಸ್. ಆ ಗುಂಪಿನ ಬಾಲಕ್ಕೆ ಕೊನೆಗಳಿಗೆಯಲ್ಲಿ ಜೋತುಬಿದ್ದವನು ಸ್ಲೊವಾಕಿಯಾದ ಪೀಟರ್ ಸಾಗನ್.

ಈಗ ಯಾರು ಎಳೆಯಬೇಕು? ಆರು ಜನ ಇದ್ದವರು! ಹಿಂದಿನವರು ಬಂದು ಕೂಡಿದರೆ ನಷ್ಟ ಬೆಲ್ಜಿಯಂಗೆ. ಟಾಮ್ ಬೂನೆನ್‌ಗೋಸ್ಕರ ಐವರು ತಾಸುಗಟ್ಟಲೆ ಬಿಸಿಲಲ್ಲಿ ದುಡಿದರು. ಸಾಗನ್‌ನನ್ನು ಎಳೆ ಎಂದು ಕೇಳುವ ಮುಖ ಯಾರಿಗೂ ಇರಲಿಲ್ಲ, ಅವನ ತಂಡ ಅಷ್ಟು ಸಣ್ಣದು. ಕೊನೆಯಲ್ಲಿ ಸಂದಿಯೊಂದರಲ್ಲಿ ನುಗ್ಗಿ ಗೆದ್ದವನು ಅವನೇ. ಮಾರ್ಕ್ ಕ್ಯಾವೆಂಡಿಶ್ ಎರಡನೆಯವ, ಬೂನೆನ್ ಮೂರನೆಯವ. ಆ ಇಡೀ ದಿನ ಬೆಲ್ಜಿಯಂನವರು ಒಂದೂ ತಪ್ಪು ಹೆಜ್ಜೆ ಇಟ್ಟಿದ್ದನ್ನು ನಾನು ಕಂಡಿಲ್ಲ, ಕಂಚು ಸಿಕ್ಕಿತು.

ಎಳೆಯಬೇಕಾದವರು ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಓಟವಿದೆ, 2021ರ ಜುಲೈ 25. ನೆದರ್ಲೆಂಡ್ಸ್‌ನವರು ನಾಲ್ವರು: ವಾನ್ ಫ್ಲೂಟೆನ್, ವಾನ್ ಡೆರ್ ಬ್ರೆಗೆನ್, ವೋಸ್, ವೊಲ್ಲೆರಿಂಗ್. ನಾಲ್ವರೂ ಗೆಲ್ಲಬಲ್ಲವರು, ಅದೇ ರೋಗ. ಒಬ್ಬಳು ಎಳೆದರೆ ಅವಳ ಚಿನ್ನ ಉಳಿದ ಮೂವರಲ್ಲಿ ಒಬ್ಬಳ ಪಾಲು. ಓಟ ಶುರುವಾದಲ್ಲೇ ತಪ್ಪಿಸಿಕೊಂಡು ಹೋದ ಐವರಲ್ಲಿ ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಇದ್ದಳು. ಗಣಿತದಲ್ಲಿ ಡಾಕ್ಟರೇಟ್ ಮಾಡಿದವಳು, ಆಗ ಯಾವ ವೃತ್ತಿಪರ ತಂಡವೂ ಅವಳಿಗಿರಲಿಲ್ಲ. ಮುನ್ನಡೆ ಹತ್ತು ನಿಮಿಷ ದಾಟಿತು. ಕೊನೆಯ 40 ಕಿ.ಮೀ. ಒಬ್ಬಳೇ ಹೋದಳು. ಒಲಿಂಪಿಕ್ಸ್‌ನಲ್ಲಿ ಕಿವಿಗೆ ರೇಡಿಯೊ ಇಲ್ಲ. ಅವಳ ಜೊತೆಗಾರ್ತಿಯರನ್ನು ಹಿಡಿದ ಹಿಂದಿನವರಲ್ಲಿ ಹಲವರು ಮುಂದೆ ಇನ್ನಾರೂ ಇಲ್ಲವೆಂದುಕೊಂಡರು. ವಾನ್ ಫ್ಲೂಟೆನ್ ಗೆರೆ ದಾಟಿ ಎರಡೂ ಕೈ ಎತ್ತಿದಳು. ಕೀಸೆನ್‌ಹೋಫರ್ ಬಂದು ಒಂದು ನಿಮಿಷ 15 ಸೆಕೆಂಡ್ ಆಗಿತ್ತು. ರೇಡಿಯೊ ಇಲ್ಲದ್ದಕ್ಕೆ ಹಾಗಾಯಿತೆಂದು ಬೇಕಾದಷ್ಟು ಜನ ವಾದಿಸಿದರು. ಹತ್ತು ನಿಮಿಷದ ಮುನ್ನಡೆ ಬಿಟ್ಟುಕೊಡಲು ರೇಡಿಯೊ ಬೇಕಾಗಿರಲಿಲ್ಲವಲ್ಲ!

ಲೊಂಬಾರ್ದಿಯಾ ಬಿಟ್ಟು ಬಹಳ ದೂರ ಬಂದೆ. ಶನಿವಾರ ರಾತ್ರಿ ಏಳರ ಸುಮಾರಿಗೆ ಟಿವಿ ಹಚ್ಚಿದರೆ ನಿಮಗೆ ಬೇಕಾದ್ದು ಸಿಗುತ್ತದೆ. ಕೊನೆಯ ದೊಡ್ಡ ಏರು ಪಾಸೊ ದಿ ಗಾಂಡಾ. ಪೊಗಾಚರ್ ಅಲ್ಲಿ ಅಥವಾ ಅದಕ್ಕೂ ಮೊದಲೇ ಹೋಗಿರುತ್ತಾನೆ. ಅವನನ್ನು ನೋಡಬೇಡಿ. ಕ್ಯಾಮೆರಾ ಹಿಂದಿನ ಗುಂಪಿಗೆ ಬಂದಾಗ ಕಣ್ಣು ತೆರೆಯಿರಿ. ಅಲ್ಲಿ ರೆಮ್ಕೊ ಎವೆನೆಪೂಲ್ ಇರುತ್ತಾನೆ, ಅವನ ಚಕ್ರಕ್ಕೆ ಪೊಗಾಚರ್‌ನ ಯುಎಇ ತಂಡದವನೊಬ್ಬ ಅಂಟಿಕೊಂಡಿರುತ್ತಾನೆ. ಎವೆನೆಪೂಲ್ ಪಕ್ಕಕ್ಕೆ ಸರಿದು ಮೊಣಕೈ ಅಲುಗಿಸಿ ‘ಮುಂದೆ ಬಾ’ ಎಂದು ಕೇಳುತ್ತಾನೆ. ಅವನು ಬರುವುದಿಲ್ಲ, ಮುಂದಿರುವುದು ಅವನ ಧಣಿ. ಎವೆನೆಪೂಲ್ ಒಂದು ಸಲ ಬೈಯುತ್ತಾನೆ, ಆಮೇಲೆ ತಾನೇ ಎಳೆಯುತ್ತಾನೆ, ಕಿಗಾಲಿಯಲ್ಲಿ ಎಳೆದ ಹಾಗೆ. ಆಗ ಆ ಗುಂಪಿನಲ್ಲಿ ಸುಮ್ಮನೆ ಕೂತು, ನೀರು ಕುಡಿದು, ಒಂದು ತುಣುಕು ತಿಂದು ಜೇಬು ಮುಚ್ಚಿಕೊಳ್ಳುವ ಮೂರನೆಯವನೊಬ್ಬ ಇರುತ್ತಾನೆ. ಅವನ ಹೆಸರು ಗುರುತು ಹಾಕಿಕೊಳ್ಳಿ. ಡೆಸ್ಕಿನವರು ಕೇಳಿದ ನಕ್ಷತ್ರಗಳಲ್ಲಿ ಒಂದನ್ನು ಅವನಿಗೆ ಕೊಟ್ಟಿದ್ದೇನೆ.