ಹೊರಳು, ಉರುಳು: ಪರ್ಯಾಯಪದಗಳ ಅರ್ಥವಿವೇಚನೆ

ನೆಲೆ ನಿಲ್ಲದ ಚಲನೆಯನ್ನು ಹೇಳುವ ಶಬ್ದಗಳು ಕನ್ನಡದಲ್ಲಿ ಹೇರಳವಾಗಿವೆ. ಹೊರಳು, ಉರುಳು, ಒದ್ದಾಡು, ಹೊಯ್ದಾಡು, ತೂರಾಡು, ತೊನೆ, ಚಡಪಡಿಸು ಎಂದು ಎಣಿಸಹೊರಟರೆ ಪಟ್ಟಿಯು ಬೆಳೆಯುತ್ತಲೇ ಹೋಗುವುದು. ಕೋಶವನ್ನು ತೆರೆದವನಿಗೆ ಇವುಗಳಲ್ಲಿ ಕೆಲವು ಒಂದಕ್ಕೊಂದು ಅರ್ಥವಾಗಿ ಕಾಣುತ್ತವೆ. ಅದನ್ನೇ ನಂಬಿ ಒಂದರ ಎಡೆಯಲ್ಲಿ ಮತ್ತೊಂದನ್ನು ಇರಿಸುವ ಲೇಖಕನು ತಾನು ಬರೆಯಹೊರಟ ಚಿತ್ರವನ್ನೇ ಕೆಡಿಸುತ್ತಾನೆ. ಪರ್ಯಾಯಪದಗಳು ಒಂದೇ ಮನೆತನದವುಗಳಾಗಿರಬಹುದು, ಒಂದೇ ವ್ಯಕ್ತಿಯಲ್ಲ.

ಮೊದಲು ಹೊರಳು, ಉರುಳು ಎಂಬ ಜೋಡಿಯನ್ನು ನೋಡಬಹುದು. ಎರಡೂ ಅಚ್ಚಗನ್ನಡ ಧಾತುಗಳು. ಹೊರಳು ಎಂಬುದು ಹಳಗನ್ನಡದಲ್ಲಿ ಪೊರಳ್; ತಮಿಳಿನಲ್ಲಿಯೂ ಪುರಳ್, ಉರುಳ್ ಎಂಬ ಸೋದರರೂಪಗಳುಂಟು. ಉರುಳುವುದಕ್ಕೆ ದಾರಿ ಬೇಕು. ಹೊರಳುವುದಕ್ಕೆ ಮಗ್ಗುಲು ಸಾಕು. ತೇರಿನ ಗಾಲಿ ಉರುಳುತ್ತದೆ, ಬೆಟ್ಟದ ಬಂಡೆ ಉರುಳುತ್ತದೆ, ವರ್ಷಗಳು ಉರುಳುತ್ತವೆ. ಇವೆಲ್ಲವೂ ಇದ್ದೆಡೆಯನ್ನು ಬಿಟ್ಟು ಮುಂದೆ ಸಾಗುವಂಥವು. ಜ್ವರಪೀಡಿತನಾದರೋ ಹಾಸಿಗೆಯಲ್ಲಿ ಹೊರಳುತ್ತಾನೆ. ನಾಲಗೆ ಹೊರಳದವನಿಗೆ ಕಠಿನಾಕ್ಷರ ಬಾರದು. ಇಲ್ಲಿ ಬದಲಾಗುವುದು ಸ್ಥಳವಲ್ಲ, ಪಾರ್ಶ್ವ. ದೇವಾಲಯದ ಸುತ್ತ ಮೈಯುರುಳಿಸಿ ಪ್ರದಕ್ಷಿಣೆ ಮಾಡುವ ಹರಕೆಗೆ ಉರುಳುಸೇವೆಯೆಂಬ ಹೆಸರು ರೂಢಿಯಾದುದೂ ಈ ವಿವೇಕದಿಂದಲೇ. ಎಲ್ಲೆಯು ಅಲ್ಲಲ್ಲಿ ಮಸುಳುವುದೂ ಉಂಟು: ಮಗು ಧೂಳಿನಲ್ಲಿ ಹೊರಳಾಡಿತೆಂದರೂ ಉರುಳಾಡಿತೆಂದರೂ ಸಲ್ಲುತ್ತದೆ. ಆದರೆ ಎಲ್ಲೆ ಮಸುಳಿತೆಂದು ಎರಡು ಹೊಲಗಳು ಒಂದಾಗಲಾರವು.

‘ಆಡು’ ಎಂಬ ಧಾತುವು ಬಂದು ಸೇರಿದಾಗ ಕ್ರಿಯೆಯು ಮರಳಿ ಮರಳಿ ನಡೆಯುವ ಅರ್ಥವು ಹುಟ್ಟುತ್ತದೆ. ಒದೆಯುವುದು ಒಂದು ಸಲದ ಕೆಲಸ. ನೀರಿನಿಂದ ತೆಗೆದ ಮೀನು ವಿಲವಿಲನೆ ಒದ್ದಾಡುತ್ತದೆ. ಗಾಳಿಗೆ ಸಿಕ್ಕಿದ ದೋಣಿಯೂ ದೀಪದ ಕುಡಿಯೂ ಹೊಯ್ದಾಡುತ್ತವೆ. ತೂರುವುದೆಂದರೆ ಕಣದಲ್ಲಿ ಕಾಳನ್ನು ಗಾಳಿಗೆ ಬಿಡುವುದು. ಕುಡಿದವನು ತೂರಾಡಿದನೆಂದಾಗ ಗಾಳಿಗೆ ಹಾರುವ ಹೊಟ್ಟಿನ ಚಿತ್ರವು ಕಣ್ಣಿಗೆ ಕಟ್ಟುವುದಿಲ್ಲವೆ? ತೆನೆಯಾದರೆ ತೊನೆಯುತ್ತದೆ, ಅದರಲ್ಲಿ ನೋವಿಲ್ಲ, ತುಂಬಿದ ಭಾರದ ಸೊಗಸಿದೆ.

ಸಂಸ್ಕೃತದಿಂದ ಬಂದ ಶಬ್ದಗಳಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಅಮರಕೋಶದ ತೃತೀಯಕಾಂಡದಲ್ಲಿ ಚಲ, ಲೋಲ, ಚಂಚಲ, ತರಲ ಮೊದಲಾದುವು ಒಂದೇ ಗುಂಪಿನಲ್ಲಿ ನಿಂತಿವೆ. ಕನ್ನಡದಲ್ಲಿ ಅವು ಬೇರೆ ಬೇರೆ ಮನೆ ಹೂಡಿದುವು. ಲೋಲನೆಂದರೆ ಆಸಕ್ತನಾದನು, ತರಳನೆಂದರೆ ಬಾಲಕನಾದನು, ಚಂಚಲನೆಂದರೆ ಮನಸ್ಸು ನಿಲ್ಲದವನಾದನು. ಮರಣಶಯ್ಯೆಯಲ್ಲಿ ಹೊರಳುವ ರೋಗಿಯನ್ನು ಭಾಷಾಂತರಕಾರನೊಬ್ಬನು ‘ಚಂಚಲನಾದನು’ ಎಂದು ಬರೆದನೆನ್ನೋಣ. ವಾಚಕನು ಮರುಗಬೇಕಾದ ಎಡೆಯಲ್ಲಿ ರೋಗಿಯ ಮೇಲೆ ದೋಷವನ್ನು ಹೊರಿಸಿದಂತಾಯಿತು. ‘ಚಡಪಡಿಸಿದನು’ ಎಂದಿದ್ದರೆ ಆ ಸಂಕಟವು ಶಬ್ದದ ನಾದದಲ್ಲಿಯೇ ಕೇಳಿಸುತ್ತಿತ್ತು. ಕನಿಕರಕ್ಕೂ ನಿಂದೆಗೂ ನಡುವಣ ಅಂತರವು ಇಲ್ಲಿ ಒಂದೇ ಪದದ್ದು. ಕಲ್ಲೋಲವೆಂದರೆ ಹೆದ್ದೆರೆ, ಅಲ್ಲೋಲಕಲ್ಲೋಲವೆಂಬುದು ಕಡಲಿನ ಮಾತು. ಅಡುಗೆಮನೆಯಲ್ಲಿ ಚೊಂಬು ಬಿದ್ದುದಕ್ಕೂ ಅದನ್ನೇ ಬಳಸಿದರೆ ಕಡಲಿಗೆ ಹೇಳುವುದೇನು ಉಳಿದೀತು?

ಪ್ರಾಚೀನ ಪದ್ಯನಿಘಂಟುಗಳನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಬಾಯಿಪಾಠಕ್ಕೆ ಒದಗಿ, ಛಂದಸ್ಸಿಗೂ ಪ್ರಾಸಕ್ಕೂ ಬೇಕಾದ ಶಬ್ದವನ್ನು ಕವಿಯ ಕೈಗೆ ಎಟುಕಿಸುವುದು ಅವುಗಳ ಉದ್ದೇಶವಾಗಿತ್ತು. ಶಬ್ದದ ಸೂಕ್ಷ್ಮವನ್ನು ಅರಿಯಬೇಕಾದವನು ಪ್ರಯೋಗಗಳನ್ನು ನೋಡಬೇಕು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವು ಗಾದೆಗಳನ್ನೂ ಪ್ರಯೋಗಗಳನ್ನೂ ಜೊತೆಗೆ ಕೊಟ್ಟು ಈ ದಾರಿಯನ್ನು ತೋರಿತು. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಸಾಹಿತ್ಯ ಪರಿಷತ್ತಿನ ನಿಘಂಟು ಅದನ್ನು ರಾಜಮಾರ್ಗವಾಗಿ ಮಾಡಿತು. ಆದರೂ ಕೋಶವು ಸಾಕ್ಷಿ ಹೇಳಬಲ್ಲುದೇ ಹೊರತು ತೀರ್ಪನ್ನು ಕೊಡಲಾರದು. ಚಲಿಸುವುದು ಯಾವುದು, ಎಡೆಯನ್ನು ಬಿಟ್ಟಿತೋ ಇಲ್ಲವೋ, ಅದರಲ್ಲಿರುವುದು ನೋವೋ ನಲಿವೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಬಳಿಕವೇ ಲೇಖಕನು ಲೇಖನಿಯನ್ನು ಎತ್ತುವುದು ಲೇಸು.