ಮಣ್ಣು ಸುಟ್ಟು ಕಟ್ಟಿದ ಊರು

ಬೇಲೂರು, ಹಂಪಿ ನೋಡುತ್ತ ಬೆಳೆದ ಕಣ್ಣಿಗೆ ದೊಡ್ಡ ಕಟ್ಟಡವೆಂದರೆ ಕಲ್ಲಿನದೇ. ಲ್ಯೂಬೆಕ್‌ಗೆ ಹೋದ ದಿನ ಆ ನಂಬಿಕೆ ಸಡಿಲವಾಯಿತು. ಉತ್ತರ ಜರ್ಮನಿಯಲ್ಲಿ ಬಾಲ್ಟಿಕ್ ಸಮುದ್ರದ ಹತ್ತಿರ, ಟ್ರಾವ ನದಿಯ ನೀರು ಬಳಸಿಕೊಂಡ ನಡುಗಡ್ಡೆಯ ಮೇಲಿನ ಊರು ಅದು. ಆ ಬಯಲಲ್ಲಿ ಕಡಿದು ತರಲು ಕಲ್ಲುಗಣಿಗಳಿಲ್ಲ, ಇರುವುದು ಜೇಡಿಮಣ್ಣು. ಅದನ್ನೇ ಅಚ್ಚಿಗೆ ಹಾಕಿ, ಸುಟ್ಟು, ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಆಕಾಶದವರೆಗೆ ಹೋಗಿದ್ದಾರೆ. ಹಳೆಯ ಊರಿನ ಏಳು ಚರ್ಚ್ ಶಿಖರಗಳು ದೂರದಿಂದಲೇ ಕಾಣುತ್ತವೆ.

ರೈಲಿಳಿದು ನಡೆದರೆ ಮೊದಲು ಎದುರಾಗುವುದು ಹೋಲ್‌ಸ್ಟನ್‌ಟೋರ್. 1478ರಲ್ಲಿ ಮುಗಿದ ಊರಬಾಗಿಲು. ಎರಡು ದುಂಡನೆಯ ಬುರುಜುಗಳು, ತಲೆಗೆ ಚೂಪು ಟೋಪಿ. ಸ್ವಲ್ಪ ಹೊತ್ತು ನೆಟ್ಟನೋಟದಿಂದ ನೋಡಿದರೆ ಇಡೀ ಕಟ್ಟಡ ವಾಲಿರುವುದು ತಿಳಿಯುತ್ತದೆ. ಕೆಳಗಿನದು ಜೌಗುನೆಲ. ಭಾರಕ್ಕೆ ಬುರುಜುಗಳು ಕುಸಿದು, ಸುತ್ತಲಿನ ನೆಲ ಏರಿ, ಅತಿ ಕೆಳಗಿನ ತೋಪುಗಂಡಿಗಳು ಈಗ ಮಣ್ಣಿನ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಹೊರಮುಖದ ಗೋಡೆ ಮೂರೂವರೆ ಮೀಟರ್ ದಪ್ಪ, ಊರಿನ ಕಡೆಯದು ಒಂದು ಮೀಟರಿಗಿಂತ ಕಡಿಮೆ. ಶತ್ರುವಿಗೆ ತೋರಿಸಲು ಬಿಗಿದ ಮುಖ, ಮನೆಯವರಿಗೆ ಕಿಟಕಿಗಳ ಹಗುರ ಮುಖ. 1863ರಲ್ಲಿ ಇದನ್ನು ಕೆಡವುವ ಮಾತು ಬಂದಾಗ ಉಳಿದದ್ದು ಒಂದೇ ಒಂದು ಮತದ ಅಂತರದಿಂದ. ಆ ಒಂದು ಕೈ ಮೇಲೇಳದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪಕ್ಕದಲ್ಲೇ ನೀರಿಗೆ ಮುಖ ಮಾಡಿ ಆರು ಉಪ್ಪಿನ ಉಗ್ರಾಣಗಳು ಸಾಲಾಗಿ ನಿಂತಿವೆ. ಈ ಊರಿನ ಸಿರಿಗೆ ಉಪ್ಪೇ ತಳಪಾಯ. ಲ್ಯೂನೆಬುರ್ಗ್‌ನ ಉಪ್ಪು 1398ರಲ್ಲಿ ತೆರೆದ ಸ್ಟೆಕ್ನಿಟ್ಸ್ ಕಾಲುವೆಯಲ್ಲಿ ದೋಣಿಯೇರಿ ಬರುತ್ತಿತ್ತು, ಇಲ್ಲಿಂದ ಹಡಗು ಹತ್ತಿ ಸ್ಕ್ಯಾಂಡಿನೇವಿಯಕ್ಕೆ ಹೋಗುತ್ತಿತ್ತು. ಅಲ್ಲಿ ಹೆರಿಂಗ್ ಮೀನು ರಾಶಿ ರಾಶಿ ಸಿಗುತ್ತಿತ್ತು. ಕೆಡದಂತಿಡಲು ಉಪ್ಪು ಬೇಕಿತ್ತು. ಉಪವಾಸದ ದಿನಗಳಲ್ಲಿ ಮಾಂಸ ಬಿಡುತ್ತಿದ್ದ ಯುರೋಪಿಗೆ ಆ ಉಪ್ಪುಮೀನು ಬೇಕಿತ್ತು. ಹಾನ್ಸಾ ವರ್ತಕ ಕೂಟಕ್ಕೆ ಲ್ಯೂಬೆಕ್ ರಾಣಿಯಾದದ್ದು ಹೀಗೆ.

ಪುರಸಭೆಯ ಹಳೆಯ ಕಟ್ಟಡದ ಎದುರು ನಾನು ಬಹಳ ಹೊತ್ತು ನಿಂತೆ. ಕಪ್ಪು ಮೆರುಗು ಕೊಟ್ಟ ಇಟ್ಟಿಗೆಗಳು ಮಳೆಗೆ ನೆನೆದು ಕೆರೆಯ ನೀರಿನಂತೆ ಹೊಳೆಯುತ್ತಿದ್ದವು. ಮಾಡಿಗಿಂತಲೂ ಎತ್ತರಕ್ಕೆ ಎದ್ದ ಅಲಂಕಾರದ ಗೋಡೆಯಲ್ಲಿ ದೊಡ್ಡ ದುಂಡು ತೂತುಗಳಿವೆ. ಸಮುದ್ರದ ಗಾಳಿ ಗೋಡೆಯನ್ನು ಕೆಡವದೆ ನುಸುಳಿಹೋಗಲೆಂದು ಬಿಟ್ಟ ದಾರಿ ಅದು. ಆ ತೂತುಗಳೊಳಗೆ ಆಕಾಶ ಬಿಲ್ಲೆ ಬಿಲ್ಲೆಯಾಗಿ ಕೂತಿತ್ತು. ಎದುರು ಬೀದಿಯ ಅಂಗಡಿಯಲ್ಲಿ ಮಾರ್ಜಿಪಾನ್ ಕೊಂಡೆ. ಬಾದಾಮಿಯನ್ನು ಸಕ್ಕರೆಯೊಡನೆ ನುಣ್ಣಗೆ ಅರೆದ ಮಿಠಾಯಿ, ನಮ್ಮ ಬಾದಾಮಿ ಬರ್ಫಿಗೆ ದೂರದ ನಂಟು. ಬಾಯಲ್ಲಿಟ್ಟರೆ ಸಿಹಿ ಮೊದಲು, ಬಾದಾಮಿಯ ಒಗರು ಆಮೇಲೆ.

ಅಲ್ಲೇ ಹಿಂದೆ ಮರಿಯೆನ್‌ಕಿರ್ಷ. ಬಿಷಪ್ಪರ ಚರ್ಚಿಗಿಂತ ದೊಡ್ಡದು ಬೇಕೆಂದು ವರ್ತಕರು ಕಟ್ಟಿಸಿಕೊಂಡದ್ದು. ಒಳಗೆ ಕಾಲಿಟ್ಟೊಡನೆ ತಲೆ ತಾನೇ ಮೇಲಕ್ಕೆ ಹೋಗುತ್ತದೆ: ಮೂವತ್ತೆಂಟೂವರೆ ಮೀಟರ್ ಎತ್ತರದ ಕಮಾನು ಚಾವಣಿ, ಇಟ್ಟಿಗೆಯಲ್ಲಿ ಲೋಕದಲ್ಲೇ ಅತಿ ಎತ್ತರದ್ದು. 1705ರಲ್ಲಿ ಇಪ್ಪತ್ತು ವರ್ಷದ ಸಂಗೀತಗಾರ ಬಾಖ್, ಇಲ್ಲಿ ಆರ್ಗನ್ ನುಡಿಸುತ್ತಿದ್ದ ಬುಕ್ಸ್ಟೆಹೂಡೆಯನ್ನು ಕೇಳಲೆಂದು ಆರ್ನ್‌ಸ್ಟಾಟ್‌ನಿಂದ ಸುಮಾರು ನಾನೂರು ಕಿಲೋಮೀಟರ್ ನಡೆದು ಬಂದ. ನಾಲ್ಕು ವಾರಗಳ ರಜೆ ಪಡೆದವನು ನಾಲ್ಕು ತಿಂಗಳ ಹತ್ತಿರ ನಿಂತುಬಿಟ್ಟ. ಆ ಕಂಬಗಳ ಕೆಳಗೆ ನಿಂತಾಗ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. ನನಗೂ ಹೊರಡುವ ಮನಸ್ಸಿರಲಿಲ್ಲ.

ಬುಕ್ಸ್ಟೆಹೂಡೆಯ ಆರ್ಗನ್ ಈಗಿಲ್ಲ. 1942ರ ಮಾರ್ಚ್ 28ರ ರಾತ್ರಿ, ಗರಿಗಳ ಭಾನುವಾರಕ್ಕೆ ಬೆಳಗಾಗುವ ಮುನ್ನ, ಬ್ರಿಟಿಷ್ ವಿಮಾನಗಳು ಸುರಿಸಿದ ಬಾಂಬುಗಳಿಗೆ ಚರ್ಚು ಹೊತ್ತಿ ಉರಿಯಿತು. ಮರದ ಮಾಡು ಹೋಯಿತು, ಶಿಖರಗಳು ಬಿದ್ದವು. ಒಮ್ಮೆ ಬೆಂಕಿ ಕಂಡು ಬಂದಿದ್ದ ಇಟ್ಟಿಗೆಯ ಗೋಡೆಗಳು ನಿಂತವು. ಆ ಕಾವಿಗೆ ಶತಮಾನಗಳ ಸುಣ್ಣ ಉದುರಿ, ಅಡಿಯಲ್ಲಿದ್ದ ನಡುಗಾಲದ ಬಣ್ಣಗಳು ಹೊರಬಂದವು.

ದಕ್ಷಿಣ ಗೋಪುರದ ತಳದಲ್ಲೊಂದು ಚಿಕ್ಕ ಗುಡಿಯಂಥ ಕೋಣೆ. ಆ ರಾತ್ರಿ ಗೋಪುರದಿಂದ ಬಿದ್ದ ಎರಡು ಗಂಟೆಗಳು ಬಿದ್ದಲ್ಲೇ ಇವೆ. ಯಾರೂ ಎತ್ತಿಲ್ಲ, ಕೂಡಿಸಿಲ್ಲ. ಒಂದು ಮಗ್ಗುಲಾಗಿ ಒಡೆದು ಬಾಯಿ ತೆರೆದುಕೊಂಡಿದೆ, ಇನ್ನೊಂದರ ಚೂರುಗಳು ಸುತ್ತ ಹರಡಿವೆ. ಅಂಗೈ ಅಗಲಕ್ಕಿಂತ ದಪ್ಪದ ಕಂಚಿನ ಒಡಕು ಅಂಚು ಮಣ್ಣುಗಡಿಗೆಯ ಅಂಚಿನಂತೆ ಒರಟಾಗಿ ಕಾಣುತ್ತದೆ. ಕೆಳಗಿನ ನೆಲವೂ ಒಡೆದೇ ಇದೆ. ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು, ಮಾತಿಲ್ಲದೆ, ಗಂಟೆಯ ಕಡೆ ಬೆರಳು ತೋರಿಸಿದರು. ಅಷ್ಟರಲ್ಲಿ ಮೇಲೆ ಬೇರೆ ಗಂಟೆಗಳು ನಾಲ್ಕು ಹೊಡೆದವು. ಹುಡುಗ ಒಡೆದ ಗಂಟೆಯನ್ನೇ ನೋಡುತ್ತ ಎಣಿಸಿದ.